ಮಾಣಿಕಮ್ಮನ ಖಾನಾವಳಿಯ ಉಪ್ಪು

ಮಳಖೇಡದಿಂದ ಆದಿತ್ಯನಗರದ ಕಡೆ ತಿರುಗುವ ರಸ್ತೆಯಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ನನ್ನ ಹೆಸರು ಅಣವೀರ, ಊರು ಸುಲೇಪೇಟ. ಗೋಡೆಯ ಮೇಲೆ ಡಿ.ಫಾರ್ಮಾ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಅದರ ಕೆಳಗೆ ಕೂತು ಹದಿನಾರು ವರ್ಷದಿಂದ ಗುಳಿಗೆ ಮಾರುತ್ತಿದ್ದೇನೆ. ಬರೆಯಲು ಹೊರಟಿರುವುದು ನನ್ನ ಬಗ್ಗೆ ಅಲ್ಲ, ಎದುರಿನ ಖಾನಾವಳಿಯ ಮಾಣಿಕಮ್ಮನ ಬಗ್ಗೆ. ಆದರೆ ಆಕೆಯ ಕಥೆಯಲ್ಲಿ ಒಬ್ಬ ಒಳ್ಳೆಯ ಮನುಷ್ಯ ಸಾಯುತ್ತಾನೆ. ಆ ಸಾವಿಗೆ ಬೇಕಾದ ಸಾಮಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಅಂಗಡಿಯಿಂದಲೇ ಹೋದದ್ದು. ಆದ್ದರಿಂದ ನನ್ನ ಸರ್ಟಿಫಿಕೇಟಿನ ಸುದ್ದಿಯನ್ನು ಮೊದಲೇ ಹೇಳಿಬಿಟ್ಟೆ.

ಮಾಣಿಕಮ್ಮ ರಾವೂರದವಳು. ಗಂಡ ಭೀಮಶ್ಯಾ ಅಲ್ಲಿಯ ಗಣಿಯಲ್ಲಿ ಫರಸಿ ಕಲ್ಲು ಸೀಳುತ್ತಿದ್ದ. ಅವನಿಗೆ ಬಿ.ಪಿ. ಇದೆಯೆಂದು ಗೊತ್ತಾದಾಗ ಮೂರು ತಿಂಗಳು ಗುಳಿಗೆ ನುಂಗಿದ. ತಲೆ ತಿರುಗುವುದು ನಿಂತಿತು, ಗುಳಿಗೆಯನ್ನೂ ನಿಲ್ಲಿಸಿದ. ಆಮೇಲೆ ಒಂದು ದಿನ ಲಕ್ವಾ ಹೊಡೆದು, ಹನ್ನೊಂದು ತಿಂಗಳು ಹಾಸಿಗೆ ಹಿಡಿದು, ನಲವತ್ತಾರು ತುಂಬುವ ಮೊದಲೇ ಹೋದ. ಮಗಳು ಲುಂಬಿನಿಯನ್ನು ನರ್ಸಿಂಗ್ ಓದಿಸಬೇಕೆಂಬ ಹಟ ಮಾಣಿಕಮ್ಮನಿಗೆ. ಅದಕ್ಕೇ ರಾವೂರು ಬಿಟ್ಟು ಬಂದು ಇಲ್ಲಿ ನಾಲ್ಕು ತಗಡು, ಎರಡು ಬೆಂಚು ಹಾಕಿ ಖಾನಾವಳಿ ತೆರೆದಳು. ಒಳಗೆ ಒಲೆಯ ಮೇಲ್ಗಡೆ ಬುದ್ಧನ ಫೋಟೊ ಇಟ್ಟಳು.

ಆ ಫೋಟೊ ಸಾಕಾಯಿತು. ಆಕೆ ಯಾರ ಪೈಕಿ, ಯಾವ ಕೇರಿಯವಳು ಎಂಬ ಸುದ್ದಿ ರೊಟ್ಟಿಯ ವಾಸನೆಗಿಂತ ಮುಂಚೆ ರಸ್ತೆ ತುಂಬ ಹರಡಿತು. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಜನ ಮುಂದಿನಿಂದ ಹಾದು ಹೋಗಿ ಅರ್ಧ ಮೈಲಿ ದೂರದ ಹೋಟೆಲಿನಲ್ಲಿ ತಣ್ಣಗಿನ ಅನ್ನ ತಿಂದರು. ಎಲ್ಲರನ್ನೂ ಬೈಯುತ್ತಿಲ್ಲ, ನನ್ನನ್ನೂ ಸೇರಿಸಿಕೊಂಡೇ ಬೈಯುತ್ತಿದ್ದೇನೆ. ಎರಡು ವರ್ಷ ನಾನು ಸುಲೇಪೇಟದಿಂದ ಡಬ್ಬಿ ಕಟ್ಟಿಸಿಕೊಂಡು ಬಂದು, ಆಕೆಯ ಒಲೆಯ ಹೊಗೆ ನೋಡುತ್ತ ಉಂಡಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಖಾನಾವಳಿ ತೆರೆದ ಐದನೆಯ ದಿನ ಮೊದಲು ಬಂದು ಕೂತವನು ಭಾಗಣ್ಣ. ಮಳಖೇಡದಲ್ಲಿ ಕಾಗಿಣಾ ನದಿಯ ದಂಡೆಗೆ ಅವನ ಮನೆ, ಹಳೆಯ ಮನೆತನ. ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಸಿಮೆಂಟ್ ಚೀಲ ತುಂಬುವ ಕೆಲಸ. ಬಂದವನೇ, "ತಂಗಿ, ಬಿಸಿ ರೊಟ್ಟಿ ಅದಾವೇನು?" ಅಂದ. ನಾಲ್ಕು ರೊಟ್ಟಿ ಉಂಡ. ಮರುದಿನ ಇಬ್ಬರನ್ನು ಎಳೆದುಕೊಂಡು ಬಂದ. ಅಲ್ಲಿಂದ ಹನ್ನೆರಡು ವರ್ಷ, ಡ್ಯೂಟಿ ಇದ್ದ ದಿನ ಎರಡೂ ಹೊತ್ತು ಅವನ ಊಟ ಅಲ್ಲೇ ಆಯಿತು. ಲುಂಬಿನಿಗೆ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನೌಕರಿ ಸಿಕ್ಕಾಗ ಮಾಣಿಕಮ್ಮ ಮೊದಲ ಪೇಢೆ ಕೊಟ್ಟದ್ದು ಭಾಗಣ್ಣನ ಕೈಗೆ.

ಆ ಖಾನಾವಳಿಯಲ್ಲಿ ಬೇರೆಲ್ಲೂ ಕಾಣದ ಒಂದು ಪದ್ಧತಿ ಇತ್ತು. ಉಣ್ಣಲು ಬರುವವರ ಗುಳಿಗೆಗಳು ಮಾಣಿಕಮ್ಮನ ಹತ್ತಿರ ಇರುತ್ತಿದ್ದವು. ಒಂದು ದೊಡ್ಡ ಬಿಸ್ಕೀಟಿನ ಡಬ್ಬಿ, ಅದರಲ್ಲಿ ಒಬ್ಬೊಬ್ಬನ ಗುಳಿಗೆಯ ಪಟ್ಟಿಗೂ ಒಂದೊಂದು ರಬ್ಬರ್ ಬ್ಯಾಂಡು. ಓದು ಬಾರದ ಹೆಂಗಸು, ಪಟ್ಟಿಯ ಬಣ್ಣ ನೋಡಿಯೇ ಯಾರದೆಂದು ಹೇಳುತ್ತಿದ್ದಳು. ಮೊದಲ ರೊಟ್ಟಿ ಆಗಬೇಕು, ಗುಳಿಗೆ ಗಂಟಲಿಳಿಯಬೇಕು, ಅಲ್ಲಿಯವರೆಗೆ ಎರಡನೆಯ ರೊಟ್ಟಿ ತಾಟಿಗೆ ಬೀಳುತ್ತಿರಲಿಲ್ಲ. ಖಂಡೆಪ್ಪ ಎಂಬ ಫಿಟ್ಟರ್ ಒಬ್ಬನಿದ್ದ, ಗುಳಿಗೆಯನ್ನು ದವಡೆಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗುಳುವ ಆಸಾಮಿ. ಅವನನ್ನು ಎಲ್ಲರೆದುರಿಗೆ ನಿಲ್ಲಿಸಿ, "ಆ ಅನ್ರಿ, ನಾಲಿಗಿ ಎತ್ರಿ" ಎಂದು ಬಾಯಿ ತೆರೆಸಿ ನೋಡುತ್ತಿದ್ದಳು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಕೆ ಮಾತ್ರ ನಗುತ್ತಿರಲಿಲ್ಲ.

"ನಿಮಗೇನ್ರಿ, ನಗತೀರಿ. ಲಕ್ವಾ ಹೊಡದವನ ಬಾಯಿ ಒರಸಿದಾಕಿ ನಾನು," ಎಂದು ಒಮ್ಮೆ ನನಗೆ ಹೇಳಿದಳು.

ಹೀಗೆ ಇಪ್ಪತ್ತಾರು ಜನ ಆಕೆಯ ಡಬ್ಬಿಯಲ್ಲಿದ್ದರು. ನನ್ನ ಅಂಗಡಿಯ ಯಂತ್ರದಲ್ಲಿ ಅವರ ಬಿ.ಪಿ. ತಿಂಗಳಿಂದ ತಿಂಗಳಿಗೆ ಇಳಿಯುವುದನ್ನು ಕಣ್ಣಾರೆ ನೋಡಿದ್ದೇನೆ. ಯಾವ ಡಾಕ್ಟರೂ ಮಾಡಲಾಗದ ಕೆಲಸ ಅದು.

ಕಳೆದ ದೀಪಾವಳಿಯ ಹೊತ್ತಿಗೆ ಊರಲ್ಲಿ ಆರೋಗ್ಯ ಶಿಬಿರ ನಡೆಯಿತು. ಡಾಕ್ಟರು ಎಲ್ಲರಿಗೂ ಒಂದೇ ಮಾತು ಹೇಳಿದರು, ಉಪ್ಪು ಕಡಿಮೆ ಮಾಡಿ. ಮರುದಿನದಿಂದಲೇ ಮಾಣಿಕಮ್ಮ ಉಪ್ಪನ್ನು ಅರ್ಧಕ್ಕೆ ಇಳಿಸಿದಳು. ಮೂರು ದಿನ ಜನ ಮುಖ ಹಿಂಡಿಕೊಂಡು ಉಂಡರು. ನಾಲ್ಕನೆಯ ದಿನ ಬಾಡಿಗೆ ಗಾಡಿ ಓಡಿಸುವ ಮೆಹತಾಬ್ ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದ.

"ಅಕ್ಕಾ, ಇದು ಊಟನೋ, ದವಾಖಾನಿ ಗಂಜಿನೋ?"

ಪೊಟ್ಟಣ ಬೆಂಚಿನ ತುಂಬ ಓಡಾಡಿತು. ಮಾಣಿಕಮ್ಮ ಸಂಜೆ ನನ್ನ ಅಂಗಡಿಗೆ ಬಂದಳು, ಸಿಟ್ಟಿನಲ್ಲಿದ್ದಳು. ನನ್ನ ಹತ್ತಿರ ಅದೇ ವಾರ ಹಸಿರು ಪೊಟ್ಟಣದ ಉಪ್ಪಿನ ಒಂದು ಪೆಟ್ಟಿಗೆ ಬಂದಿತ್ತು. ತಂದವನು ಇದು ಚೆನ್ನಾಗಿ ಓಡುತ್ತದೆ ಎಂದು ಹೇಳಿ ಇಳಿಸಿ ಹೋಗಿದ್ದ.

"ಇದು ತಗೋರಿ ಯಕ್ಕಾ," ಅಂದೆ. "ಬಿ.ಪಿ. ಇದ್ದವರ ಸಲುವಾಗೇ ಮಾಡ್ಯಾರ. ಸೋಡಿಯಂ ಕಮ್ಮಿ, ರುಚಿ ಹಂಗೇ ಇರ್ತದ."

ಆಕೆ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಏನೂ ತ್ರಾಸ ಆಗಂಗಿಲ್ಲಲ್ರಿ, ಅಣ್ಣಾರ?"

"ಉಪ್ಪಿನ್ಯಾಗ ಏನ್ ತ್ರಾಸ ಆಗ್ತದ?"

ಈ ಮಾತು ಆಡಿದವನು ನಾನು. ಗೋಡೆಯ ಮೇಲಿನ ಸರ್ಟಿಫಿಕೇಟಿನ ಕೆಳಗೆ ಕೂತೇ ಆಡಿದೆ.

ಆ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲು ತೆಗೆದು ಆ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ. ಅದು ವಿಷವಲ್ಲ. ಬಾಳೆಹಣ್ಣಿನಲ್ಲಿದೆ, ಬೇಳೆಯಲ್ಲಿದೆ, ಎಳನೀರಿನಲ್ಲಿ ಧಾರಾಳವಾಗಿದೆ. ಗಟ್ಟಿಮುಟ್ಟಾದ ಕಿಡ್ನಿ ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಗೆ ಹಾಕಿಬಿಡುತ್ತದೆ. ಆದರೆ ಬಿ.ಪಿ.ಯ ಕೆಲವು ಗುಳಿಗೆಗಳು ಪೊಟ್ಯಾಸಿಯಂ ಹೊರಗೆ ಹೋಗದಂತೆ ತಡೆಯುತ್ತವೆ. ಕಿಡ್ನಿ ಮೊದಲೇ ಸೋತಿದ್ದರೆ, ಅಂಥ ಗುಳಿಗೆ ಎರಡು ಬಗೆಯದ್ದು ಒಟ್ಟಿಗೆ ಬಿದ್ದರೆ, ಅದು ಒಳಗೇ ಕೂಡುತ್ತ ಹೋಗುತ್ತದೆ. ಮೊದಲು ಕಾಲು ಸೋಲುತ್ತವೆ, ನಾಡಿ ನಿಧಾನವಾಗುತ್ತದೆ, ಕಡೆಗೆ ಎದೆ ನಿಲ್ಲುತ್ತದೆ. ಇದನ್ನು ನಾನು ಎರಡನೆಯ ವರ್ಷದ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಪೊಟ್ಟಣದ ಹಿಂದೆಯೂ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಇತ್ತು. ಕಿಡ್ನಿಯ ತೊಂದರೆ ಇದ್ದವರು, ಬಿ.ಪಿ.ಯ ಕೆಲವು ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬಳಸಬೇಕು ಎಂದು. ನಾನು ಅದನ್ನು ಓದಲಿಲ್ಲ.

ಉಪ್ಪು ಬದಲಾಯಿತು, ಜನ ಖುಷಿಯಾದರು. ಯಾರಿಗೂ ಏನೂ ಆಗಲಿಲ್ಲ. ಬಹುಪಾಲು ಜನರಿಗೆ ಅದರಿಂದ ಒಳ್ಳೆಯದೇ ಆಗಿರಬೇಕು.

ಶಿವರಾತ್ರಿ ಮುಗಿದ ಮೇಲೆ ಭಾಗಣ್ಣನ ಪಾದ ಬಾತವು. ಮಗ ಹಣಮಂತರಾಯ ಸೇಡಂನಲ್ಲಿ ಸರ್ಕಾರಿ ಗುಮಾಸ್ತ, ರಜೆ ಹಾಕಿ ತಂದೆಯನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ತೋರಿಸಿದ. ವಾಪಸು ಬಂದ ಭಾಗಣ್ಣ ಹೊಸ ಗುಳಿಗೆಯ ಪಟ್ಟಿಯನ್ನು ಖಾನಾವಳಿಯ ಡಬ್ಬಿಗೆ ಹಾಕುತ್ತ, "ತಂಗಿ, ನಿನ್ನ ಡಬ್ಬಿಗಿ ಇನ್ನೊಂದು ಬಿಡಾರ ಬಂತು ನೋಡು," ಎಂದು ನಗಾಡಿದ. ಮೊದಲಿನಿಂದ ಅವನು ಟೆಲ್ಮಿಸಾರ್ಟನ್ ನುಂಗುತ್ತಿದ್ದ. ಈಗ ಬಂದದ್ದು ಸ್ಪೈರೊನೊಲ್ಯಾಕ್ಟೋನ್. ಎರಡೂ ಪೊಟ್ಯಾಸಿಯಂ ಅನ್ನು ಒಳಗೆ ಹಿಡಿದಿಡುವ ಗುಳಿಗೆಗಳೇ. ಹದಿನೈದು ದಿನದ ಮೇಲೆ ಪಟ್ಟಿ ಮುಗಿದಾಗ ಡಾಕ್ಟರ ಚೀಟಿ ಕೇಳದೆ ಮತ್ತೆ ಕೊಟ್ಟವನು ನಾನು. ಎರಡನ್ನೂ ಒಂದೇ ಕಾಗದದಲ್ಲಿ ಸುತ್ತಿ ಕೊಟ್ಟೆ, ಏನು ಊಟ ಮಾಡುತ್ತೀ ಎಂದು ಒಂದು ಮಾತು ಕೇಳಲಿಲ್ಲ.

ಯುಗಾದಿಯ ನಂತರ ಬಿಸಿಲು ಏರಿತು. ನಮ್ಮ ಕಡೆಯ ಬಿಸಿಲು, ಮೇಲೆ ಸಿಮೆಂಟಿನ ಧೂಳು. ಭಾಗಣ್ಣನ ಕಾಲು ಭಾರವಾಗತೊಡಗಿದವು. ಕಾರ್ಖಾನೆಯ ಗೇಟಿನಿಂದ ಖಾನಾವಳಿಗೆ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದ. ಒಂದು ಮಧ್ಯಾಹ್ನ ಅವನಿಗೆ ರೊಟ್ಟಿ ಮುರಿಯಲು ಬೆರಳು ಏಳಲಿಲ್ಲ. ಮಾಣಿಕಮ್ಮ ಅದನ್ನು ನೋಡಿದಳು.

"ಏನಾಗ್ಯಾದ, ಭಾಗಣ್ಣ?"

"ಬಿಸಲಿಗಿ ಕಮಜೋರಿ ಬಂದದ ತಂಗಿ. ಫಿಕರ್ ಮಾಡಬ್ಯಾಡ."

ಆಕೆ ಫಿಕರ್ ಮಾಡದೆ ಬಿಡುವವಳಲ್ಲ. ಅವತ್ತಿನಿಂದ ಅವನಿಗೆ ಬೇರೆ ಉಪಚಾರ ಶುರುವಾಯಿತು. ಬಂದ ಕೂಡಲೇ ಒಂದು ಎಳನೀರು. ತೊಗರಿಬೇಳೆಯ ಕಟ್ಟು ಒಂದು ಬಟ್ಟಲು ಹೆಚ್ಚು, ಪುಂಡಿಪಲ್ಯ ಎರಡು ಸಲ, ಊಟ ಮುಗಿದ ಮೇಲೆ ಎರಡು ಬಾಳೆಹಣ್ಣು. ಅವನು ಬೇಡವೆಂದರೆ ಜಗಳಕ್ಕೇ ನಿಲ್ಲುತ್ತಿದ್ದಳು. ಅವನು ಸೊರಗಿದಷ್ಟೂ ಆಕೆ ಹೆಚ್ಚು ಬಡಿಸಿದಳು, ಆಕೆ ಬಡಿಸಿದಷ್ಟೂ ಅವನು ಸೊರಗಿದ. ಗುಳಿಗೆ ಮಾತ್ರ ಒಂದು ಹೊತ್ತೂ ತಪ್ಪಲಿಲ್ಲ. ಇದೆಲ್ಲ ನನ್ನ ಅಂಗಡಿಯ ಕುರ್ಚಿಯಿಂದ ನನಗೆ ಕಾಣುತ್ತಿತ್ತು. ಎಂಥ ತಾಯಿಯಂಥ ಹೆಂಗಸು ಎಂದು ಮೆಚ್ಚಿಕೊಂಡು ನೋಡುತ್ತಿದ್ದೆ.

ಒಂದು ದಿನ ಭಾಗಣ್ಣ ಶಕ್ತಿಗೆ ಏನಾದರೂ ಕೊಡು ಎಂದು ಬಂದ. ಓ.ಆರ್.ಎಸ್. ಪುಡಿಯ ಐದು ಪೊಟ್ಟಣ ಕೊಟ್ಟೆ, ಅದರಲ್ಲಿಯೂ ಅದೇ ಪೊಟ್ಯಾಸಿಯಂ. ಬಿ.ಪಿ. ನೋಡಿದೆ, ನೂರಾ ಹದಿನೆಂಟು, ಎಪ್ಪತ್ತಾರು. ಬೆಳ್ಳಗೆ ನಕ್ಕು, ನೌಜವಾನರ ಬಿ.ಪಿ. ಇದ್ದಂಗದ ಅಂದೆ. ಯಂತ್ರದ ಕೆಳಗಿನ ಸಾಲಿನಲ್ಲಿ ನಾಡಿ ನಲವತ್ತಾರು ಎಂದು ತೋರಿಸುತ್ತಿತ್ತು. ಅದನ್ನೂ ಓದಿದೆ.

"ನಾಡಿ ಭಾಳ ಕಮ್ಮಿ ಅದಲ್ಲೋ ಅಣವೀರ?" ಅಂದ ಅವನು.

"ಪೈಲ್ವಾನರಿಗಿ ಹಂಗೇ ಇರ್ತದ," ಅಂದೆ. ಅವನು ಪುಡಿಯ ಪೊಟ್ಟಣಗಳನ್ನು ಜೇಬಿಗೆ ಹಾಕಿಕೊಂಡು, ಅಂಗಡಿಯ ಮೆಟ್ಟಿಲನ್ನು ಗೋಡೆ ಹಿಡಿದು ಇಳಿದ.

ಐದು ದಿನ ಕಳೆಯಿತು. ಮಂಗಳವಾರ ಮಧ್ಯಾಹ್ನ ಊಟ ಮುಗಿಸಿದ ಭಾಗಣ್ಣನಿಗೆ ಬೆಂಚಿನಿಂದ ಏಳಲಾಗಲಿಲ್ಲ. ಎದ್ದು ನಿಲ್ಲಲು ಮೂರು ಸಲ ನೋಡಿದ, ಆಮೇಲೆ ಪಕ್ಕಕ್ಕೆ ವಾಲಿದ. ಮೆಹತಾಬ್ ತನ್ನ ಗಾಡಿ ತಂದ. ಮಾಣಿಕಮ್ಮ ಹಿಟ್ಟಿನ ಕೈಯಲ್ಲೇ ಹತ್ತಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸೇಡಂನಲ್ಲಿ ಇ.ಸಿ.ಜಿ. ನೋಡಿದವರೇ ಕಲಬುರಗಿಗೆ ಓಡಿಸಿ ಎಂದರು. ಲುಂಬಿನಿ ಕೆಲಸ ಮಾಡುವ ಆಸ್ಪತ್ರೆಗೇ ಒಯ್ದರು. ಡಾಕ್ಟರು ಏನೇನು ತಿಂದಿದ್ದಾನೆ ಎಂದು ಕೇಳಿದಾಗ ಮಾಣಿಕಮ್ಮ ಒಂದೂ ಬಿಡದೆ ಹೇಳಿದಳಂತೆ. ಎಳನೀರು, ಬಾಳೆಹಣ್ಣು, ಬೇಳೆಕಟ್ಟು, ಬಿ.ಪಿ. ಉಪ್ಪು. ನಾನು ಚೆನ್ನಾಗಿ ನೋಡಿಕೊಂಡಿದ್ದೇನೆ ಎಂಬ ಧೈರ್ಯ ಆಕೆಯದು. ಕೇಳುತ್ತ ಕೇಳುತ್ತ ಡಾಕ್ಟರ ಮುಖ ಬದಲಾಯಿತಂತೆ.

ನಾಲ್ಕು ಗಂಟೆಗೆ ಲುಂಬಿನಿಯ ಫೋನು ಬಂತು. "ಮಾಮಾ, ಆ ಉಪ್ಪಿನ್ಯಾಗ ಏನೇನು ಅದ? ಪ್ಯಾಕೆಟ್ ಹಿಂದ ಓದ್ರಿ, ಲಗೂನ."

ಪೊಟ್ಟಣವನ್ನು ಬೆಳಕಿಗೆ ಹಿಡಿದೆ. ಪೊಟ್ಯಾಸಿಯಂ ಕ್ಲೋರೈಡ್ ಎಷ್ಟು ಪಾಲು ಎಂಬುದನ್ನು ಓದಿದೆ. ಅದರ ಕೆಳಗೇ ಆ ಇನ್ನೊಂದು ಸಾಲು ಇತ್ತು, ನನ್ನ ಕಣ್ಣು ಅದರ ಮೇಲೆ ಬಿತ್ತು. ಅದನ್ನು ಓದಲಿಲ್ಲ. "ಅಷ್ಟೇ ಅದವ್ವಾ," ಅಂದೆ.

ಅವರಿಗೆ ಚಿಕಿತ್ಸೆಗೆ ಬೇಕಾದದ್ದು ಅಷ್ಟೇ ಆಗಿತ್ತು, ನಾನು ಮುಚ್ಚಿಟ್ಟದ್ದರಿಂದ ಭಾಗಣ್ಣ ಸಾಯಲಿಲ್ಲ. ಈ ಸಮಾಧಾನವನ್ನು ನಾನೇ ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇಂಜೆಕ್ಷನ್ ಕೊಟ್ಟು, ಡಯಾಲಿಸಿಸ್‌ಗೆ ಒಯ್ಯುವ ದಾರಿಯಲ್ಲೇ, ಇನ್ನೂ ಹೊತ್ತು ಮುಳುಗುವ ಮೊದಲೇ, ಅವನ ಎದೆ ನಿಂತಿತು. ಐವತ್ತೇಳು ವರ್ಷದವನು.

ಮಣ್ಣು ಕೊಟ್ಟ ನಾಲ್ಕನೆಯ ದಿನ ಹಣಮಂತರಾಯ ಖಾನಾವಳಿಗೆ ಬಂದ. ಉಣ್ಣುವ ಹೊತ್ತು, ಬೆಂಚುಗಳು ತುಂಬಿದ್ದವು, ನಾನೂ ಒಂದು ತಾಟಿನ ಮುಂದೆ ಕೂತಿದ್ದೆ. ಅವನು ಚಪ್ಪಲಿ ಬಿಡದೆ, ಒಳಗೂ ಬಾರದೆ, ಹೊಸ್ತಿಲ ಹೊರಗೇ ನಿಂತ.

"ನಮ್ಮ ಅಪ್ಪಗ ಏನ್ ತಿನಿಸೀದಿ?"

ಮಾಣಿಕಮ್ಮ ಒಲೆಯ ಮುಂದಿನಿಂದ ಎದ್ದಳು. "ಉಪ್ಪು ಬದಲ್ ಮಾಡಿದಾಕಿ ನಾನೇ ಅಪ್ಪಾ. ಎಳನೀರು ಕುಡಿಸಿದಾಕಿನೂ ನಾನೇ. ನನಗ ತಿಳಿಲಿಲ್ಲ."

ಉಪ್ಪು ಎಲ್ಲಿಂದ ತಂದೆ ಎಂದು ಅವನು ಕೇಳಲಿಲ್ಲ, ಆಕೆ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನನ್ನ ಬಾಯಲ್ಲಿ ತುತ್ತು ಇತ್ತು. ಅದನ್ನು ನುಂಗಿ ಎದ್ದು ನಿಲ್ಲಬಹುದಿತ್ತು. ನುಂಗಿದೆ, ಎದ್ದು ನಿಲ್ಲಲಿಲ್ಲ. ಹೇಡಿ ಎಂಬ ಶಬ್ದ ನನಗೆ ಕಡಿಮೆಯೇ.

ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಆಕೆಯ ಕೈ ಊಟ ಉಂಡು ಸತ್ತ ಎಂದರು. ಅದಕ್ಕೇ ಹಿರಿಯರು ಎಲ್ಲಿ ಬೇಕೆಂದಲ್ಲಿ ಉಣ್ಣಬಾರದು ಅನ್ನುತ್ತಿದ್ದರು ಎಂದೂ ಎಂದರು. ಹನ್ನೆರಡು ವರ್ಷ ಮುಚ್ಚಿಕೊಂಡಿದ್ದ ಮಾತು ಒಂದು ವಾರದಲ್ಲಿ ಹೊರಗೆ ಬಂತು. ಮಾಣಿಕಮ್ಮ ಎದುರು ಮಾತಾಡಲಿಲ್ಲ. ಬಿಸ್ಕೀಟಿನ ಡಬ್ಬಿ ತೆಗೆದು, ಉಣ್ಣಲು ಬಂದ ಒಬ್ಬೊಬ್ಬನ ಗುಳಿಗೆಯನ್ನೂ ಅವರವರ ಕೈಗೆ ಕೊಟ್ಟಳು.

"ಇನ್ನ ನನ್ನ ಕೈಲಿ ಬ್ಯಾಡ್ರಿ. ನಿಮ್ಮ ನಿಮ್ಮ ಗುಳಗಿ ನೀವೇ ನೋಡಕೋರಿ."

ಯಾರು ನೋಡಿಕೊಂಡಾರು? ಗುಳಿಗೆ ಯಾರು ಬಿಟ್ಟರೆಂದು ಮೊದಲು ತಿಳಿಯುವುದು ಮೆಡಿಕಲ್ ಅಂಗಡಿಯವನಿಗೆ. ತಿಂಗಳು ತುಂಬುವಷ್ಟರಲ್ಲಿ ಹನ್ನೊಂದು ಜನ ನನ್ನ ಕಡೆ ಬರುವುದನ್ನು ನಿಲ್ಲಿಸಿದ್ದರು. ನನಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ. ಆರು ವಾರದ ಮೇಲೆ ಖಂಡೆಪ್ಪ ತಲೆನೋವಿಗೆ ಗುಳಿಗೆ ಕೇಳಿಕೊಂಡು ಬಂದ. ಕಣ್ಣು ಕೆಂಪಗಿದ್ದವು. ಬಲವಂತದಿಂದ ಕೂರಿಸಿ ಬಿ.ಪಿ. ನೋಡಿದೆ, ನೂರಾ ತೊಂಬತ್ತಾರು, ನೂರಾ ಹನ್ನೆರಡು.

"ಖಂಡೆಪ್ಪ, ಗುಳಗಿ ಯಾಕ ಬಿಟ್ಟೀದಿ?"

"ಭಾಗಣ್ಣ ದಿನಾ ನುಂಗಿದ. ಏನಾಯ್ತು ನೋಡಿದಿಲ್ಲೋ? ಆ ಗುಳಗಿನೇ ಬ್ಯಾಡ, ಆಕಿ ಕೈಯಿಂದೂ ಬ್ಯಾಡ."

ಮಾಣಿಕಮ್ಮನ ಗಂಡ ಭೀಮಶ್ಯಾನನ್ನು ನಾನು ಜೀವಂತ ನೋಡಿದವನಲ್ಲ. ಆದರೆ ಅವತ್ತು ನನ್ನ ಅಂಗಡಿಯ ಸ್ಟೂಲಿನ ಮೇಲೆ ಅವನೇ ಕೂತಂತೆ ಕಂಡಿತು. ಭಾಗಣ್ಣನನ್ನು ಕೊಂದದ್ದು ಗುಳಿಗೆಯಲ್ಲ, ಗುಳಿಗೆಯ ಜೊತೆ ಏನು ತಿನ್ನಬಾರದು ಎಂದು ಯಾರೂ ಹೇಳದೆ ಹೋದದ್ದು. ಆ ಮಾತನ್ನು ಈ ರಸ್ತೆಯಲ್ಲಿ ಹೇಳಬಲ್ಲವನು ನಾನೊಬ್ಬನೇ, ನಾನೇ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹಸಿರು ಪೊಟ್ಟಣ ತೆಗೆದುಕೊಂಡು ರಸ್ತೆ ದಾಟಿದೆ.

ಮಾಣಿಕಮ್ಮ ತಾಟು ತೊಳೆಯುತ್ತಿದ್ದಳು. ಖಂಡೆಪ್ಪ ಗುಳಿಗೆ ಬಿಟ್ಟದ್ದನ್ನು ಹೇಳಿ, ನಿಂತುಕೊಂಡೇ ಪೊಟ್ಟಣದ ಆ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದಿದೆ. ಇನ್ನೊಮ್ಮೆ ಓದಿರಿ ಅಂದಳು. ಓದಿದೆ.

"ನನ್ನ ಮಗಳು ಫೋನ್ ಮಾಡಿದಾಗ ಈ ಸಾಲು ಇತ್ತೇನ್ರಿ?"

"ಇತ್ತು ಯಕ್ಕಾ."

"ನೀವು ನನಗ ಕೊಟ್ಟ ದಿನಾ?"

"ಅವತ್ತೂ ಇತ್ತು."

ಆಕೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೈ ಒರೆಸಿಕೊಂಡು ಎದ್ದಳು, ಚಪ್ಪಲಿ ಮೆಟ್ಟಿದಳು. "ನಡೀರಿ. ಭಾಗಣ್ಣನ ಮನ್ಯಾಗ ಓದ್ರಿ."

ಮಳಖೇಡಕ್ಕೆ ಹೋದೆವು. ಭಾಗಣ್ಣನ ಹೆಂಡತಿ ಜಯಮಾಲಾ ಕಟ್ಟೆಯ ಮೇಲೆ ಕೂತಿದ್ದಳು. ಭಾನುವಾರವಾದ್ದರಿಂದ ಹಣಮಂತರಾಯನೂ ಇದ್ದ. ಮಾಣಿಕಮ್ಮನನ್ನು ನೋಡಿ ಅವನ ಮುಖ ಗಂಟಾಯಿತು. ನಾನು ಪೀಠಿಕೆ ಹಾಕಲಿಲ್ಲ. ಉಪ್ಪು ಮಾರಿದವನು ನಾನು, ಏನೂ ಆಗುವುದಿಲ್ಲ ಅಂದವನು ನಾನು ಎಂದು ಹೇಳಿ, ಪೊಟ್ಟಣದ ಹಿಂದಿನದನ್ನು ಓದಿದೆ. ಹಣಮಂತರಾಯ ನನ್ನ ಅಂಗಿ ಹಿಡಿಯುತ್ತಾನೆ ಎಂದುಕೊಂಡಿದ್ದೆ. ಅವನು ಕದಲಲಿಲ್ಲ. ಜಯಮಾಲಾ ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದಳು.

"ಇದೂ ಒಂದಿಷ್ಟು ಓದ್ರಿ, ಅಣ್ಣಾರ. ಕಲಬುರಗಿ ಡಾಕ್ಟರ್ ಕೊಟ್ಟಿದ್ದು."

ಶಿವರಾತ್ರಿಯ ನಂತರದ ಚೀಟಿ ಅದು. ಗುಳಿಗೆಯ ಹೆಸರುಗಳ ಕೆಳಗೆ ಡಾಕ್ಟರು ಸ್ಪಷ್ಟವಾಗಿ ಬರೆದಿದ್ದರು. ಕಿಡ್ನಿ ಸ್ವಲ್ಪ ಸೋತಿದೆ. ಬಾಳೆಹಣ್ಣು ಬೇಡ, ಎಳನೀರು ಬೇಡ, ಕಡಿಮೆ ಸೋಡಿಯಂನ ಉಪ್ಪು ಬೇಡ. ಎರಡು ವಾರಕ್ಕೆ ರಕ್ತ ಪರೀಕ್ಷೆ. ಗಟ್ಟಿಯಾಗಿ ಓದಿ ಮುಗಿಸಿದೆ.

"ಅಪ್ಪಗ ಹೊರಗ ಕೂಡಿಸಿ ಡಾಕ್ಟರ್ ನನಗ ಬಾಯಿಲಿನೂ ಹೇಳಿದ್ರು," ಅಂದ ಹಣಮಂತರಾಯ. "ರಕ್ತ ಪರೀಕ್ಷಾಕ್ಕ ಮುಂದಿನ ವಾರ, ಮುಂದಿನ ವಾರ ಅಂತ ನಾನೇ ಮುಂದ ಹಾಕಿದೆ. ಮನಿಗಿ ಬಾಳೆಹಣ್ಣು ತರೋದು ಅವತ್ತೇ ಬಿಟ್ಟಿದ್ವಿ. ಕಿಡ್ನಿ ಅಂದ್ರ ಅಂಜತಾರ ಅಂತ ಅಪ್ಪಗ ಹೇಳಲಿಲ್ಲ."

"ಎರಡೂ ಹೊತ್ತು ನನ್ನ ಕಡಿ ಉಣ್ಣತಿದ್ರಲ್ಲಪ್ಪಾ," ಅಂದಳು ಮಾಣಿಕಮ್ಮ. "ನನಗೊಂದು ಮಾತು ಹೇಳಬಾರದಿತ್ತೇನೋ? ಒಂದೇ ಮಾತು."

ಉತ್ತರ ಕೊಟ್ಟವಳು ಜಯಮಾಲಾ, ನೆಲ ನೋಡುತ್ತ.

"ಅವರು ನಿನ್ನ ಕಡಿ ಉಣ್ಣತಾರ ಅಂತ ನಮ್ಮ ಮನ್ಯಾಗ ಯಾರೂ ಬಾಯಿ ಬಿಟ್ಟು ಅನ್ನತಿದ್ದಿಲ್ಲವ್ವಾ. ಹನ್ನೆರಡು ವರ್ಷ ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ಅನ್ನಲಿಲ್ಲ. ಹಂಗಾಗಿ ನಿನಗ ಯಾರು ಬಂದು ಹೇಳಬೇಕು?"

ಆಮೇಲೆ ಮಾಣಿಕಮ್ಮ ನನ್ನ ಕಡೆ ತಿರುಗಿದಳು.

"ಖಂಡೆಪ್ಪನ ಮನ್ಯಾಗ ಅಂತಾರೇನ್ರಿ, ಅವ ನನ್ನ ಕಡಿ ಉಣ್ಣತಾನಂತ? ಉಳದವರ ಮನ್ಯಾಗ?"

ನನಗೆ ಗೊತ್ತಿಲ್ಲ ಅಂದೆ.